ಗಿಣಿ ಪಂಜರಕ್ಕೆ ಯಾವ ಬೋಲ್ಟ್ ಹಾಕಬೇಕು?

ಈ ಸಲ ನಾವು ಬರೀತಿರೋದು ಬೋಲ್ಟು, ನಟ್ಟು, ವಾಷರ್ ಬಗ್ಗೆ. ಮೆಕ್ಯಾನಿಕಲ್‌ನವರಿಗೆ ಮಾತ್ರ ಅಂದುಕೊಂಡು ಮುಂದಕ್ಕೆ ಹೋಗಬೇಡಿ. ಮೊದಲ ವರ್ಷದ ಕೆಮಿಸ್ಟ್ರಿ ಓದಿದ ಎಲ್ಲರಿಗೂ ಇದು ಸೇರಿದ ವಿಷಯ.

ನಾವು ಮೂವರು ಅಶೋಕಪುರಂನಲ್ಲಿ ಬಾಡಿಗೆಗಿದ್ದೀವಿ. ಕೆಳಗಡೆ ಮನೆ ಓನರ್ ಅಜ್ಜಿ ಇರ್ತಾರೆ. ಅವರ ಯಜಮಾನರು ಇಲ್ಲೇ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಅಜ್ಜಿಗೆ ಜೊತೆ ಅಂದ್ರೆ ಎರಡು ಕಾಕಟೀಲ್ ಹಕ್ಕಿಗಳು. ಹಳೇ ಪಂಜರ ತುಕ್ಕು ಹಿಡಿದಿತ್ತು. "ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಒಂದು ಪಂಜರ ಮಾಡ್ಕೊಡ್ರಪ್ಪಾ" ಅಂದ್ರು. ರಜೆಯಲ್ಲಿ ಖುಷಿಯಿಂದ ಮಾಡಿಕೊಟ್ವಿ. ಹೊಸ ಜಿ.ಐ. ಮೆಶ್, ಕೋಲು ಕಟ್ಟೋಕೆ ಫಳಫಳ ಹೊಳೆಯೋ ಬೋಲ್ಟ್, ಆಟದ ಸಾಮಾನು ತೂಗುಹಾಕೋಕೆ ಒಂದು ಚೈನು.

ಮೂರು ವಾರ ಆದ ಮೇಲೆ ಒಂದು ಹಕ್ಕಿ ತಿಂದಿದ್ದನ್ನೆಲ್ಲ ಕಕ್ಕೋಕೆ ಶುರು ಮಾಡಿತು. ಬರೀ ನೀರು ಕುಡೀತಿತ್ತು, ಹಿಕ್ಕೆ ನೀರು ನೀರಾಗಿ ಹಸಿರಾಗಿತ್ತು, ಕೋಲಿನ ಮೇಲೆ ಕೂರೋಕೂ ಶಕ್ತಿ ಇರಲಿಲ್ಲ. ಹಕ್ಕಿ ನೋಡೋ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ್ವಿ. ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಬೆಳ್ಳಗೆ ಚುಕ್ಕಿಗಳು ಕಂಡವು. ಎಲ್ಲಾ ಲೋಹದ ಚೂರುಗಳು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಪಂಜರ ಹೊಸದಾ?" ಆ ಹಕ್ಕಿ ಮಾರನೇ ದಿನ ಹೋಯ್ತು. ಇನ್ನೊಂದಕ್ಕೆ ಬೇಗ ಚಿಕಿತ್ಸೆ ಶುರುವಾಗಿದ್ದರಿಂದ ಉಳೀತು.

ಪರೀಕ್ಷೆಯಲ್ಲಿ ಬರೆದಿದ್ದೇ ಇದು

ಕರೋಷನ್ ಪಾಠದಲ್ಲಿ ಗ್ಯಾಲ್ವನೈಸಿಂಗ್ ಬಗ್ಗೆ ನಾವೆಲ್ಲ ಓದಿದ್ದೀವಿ. ಕಬ್ಬಿಣದ ಮೇಲೆ ಸತುವಿನ ಲೇಪ ಕೊಡೋದು. ಉತ್ತರದ ಕೊನೆಯಲ್ಲಿ ಒಂದು ಸಾಲು ಬರೀತೀವಿ: ಗ್ಯಾಲ್ವನೈಸ್ ಮಾಡಿದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಾರದು, ಸತು ಆಮ್ಲದಲ್ಲಿ ಕರಗಿ ವಿಷದ ಲವಣ ಆಗುತ್ತೆ. ಆ ಸಾಲಿಗೆ ಮಾರ್ಕ್ಸ್ ತಗೊಂಡವರೇ ಆ ಪಂಜರ ಮಾಡಿದ್ದು.

ಗಿಣಿ ಜಾತಿಯ ಹಕ್ಕಿಗೆ ಕೊಕ್ಕು ಅಂದ್ರೆ ಮೂರನೇ ಕಾಲಿದ್ದ ಹಾಗೆ. ಹತ್ತೋದು, ಹಿಡಿಯೋದು, ಪರೀಕ್ಷೆ ಮಾಡೋದು ಎಲ್ಲಾ ಅದರಲ್ಲೇ. ಮೆಶ್ ಕಚ್ಚುತ್ತೆ, ಬೋಲ್ಟ್ ಕೆರೆಯುತ್ತೆ. ಎದ್ದ ಲೇಪದ ಚೂರು ಹೊಟ್ಟೆಗೆ ಹೋಗುತ್ತೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ, ಜೊತೆಗೆ ಕಾಳು ಅರೆಯೋ ಗಿಜರ್ಡ್ ಅನ್ನೋ ಗಟ್ಟಿ ಸ್ನಾಯುವಿನ ಚೀಲ ಇರುತ್ತೆ. ಲೋಹ ಅಲ್ಲೇ ದಿನಗಟ್ಟಲೆ ಉಳಿದು, ಅರೆದು, ಕರಗಿ ರಕ್ತಕ್ಕೆ ಸೇರುತ್ತೆ. ಹೊಸ ಪಂಜರದ ಹಕ್ಕಿಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ, ಹಕ್ಕಿ ಸಾಕುವವರು ಇದಕ್ಕೆ 'ಹೊಸ ತಂತಿಯ ಕಾಯಿಲೆ' ಅಂತಲೇ ಹೆಸರಿಟ್ಟಿದ್ದಾರೆ.

ಒಂದು ಅಂದಾಜು ಲೆಕ್ಕ ಮಾಡೋಣ. ಬೋಲ್ಟ್ ಮೇಲಿನ ಸತುವಿನ ಲೇಪ 10 ಮೈಕ್ರಾನ್ ದಪ್ಪ ಅಂತಿಟ್ಟುಕೊಳ್ಳಿ. 1 ಚದರ ಸೆಂ.ಮೀ. ಜಾಗದಲ್ಲಿ 0.001 ಘನ ಸೆಂ.ಮೀ. ಸತು. ಸಾಂದ್ರತೆ 7.14, ಅಂದ್ರೆ ಸುಮಾರು 7 ಮಿಲಿಗ್ರಾಂ. ಕಡಿಮೆ ಅನ್ಸುತ್ತೆ. ಆದ್ರೆ ಕಾಕಟೀಲ್ ತೂಕ ಸುಮಾರು 90 ಗ್ರಾಂ. ಅದೇ ಅನುಪಾತದಲ್ಲಿ 60 ಕೆ.ಜಿ. ಮನುಷ್ಯನಿಗೆ 4.8 ಗ್ರಾಂ ಸತು ಆಗುತ್ತೆ. ನಮಗೆ ದಿನಕ್ಕೆ ಬೇಕಾಗಿರೋದು 20 ಮಿಲಿಗ್ರಾಂಗಿಂತ ಕಡಿಮೆ! ಕರಗಿಸಿದ ಸತುವಿನಲ್ಲಿ ಅದ್ದಿ ಮಾಡಿದ ಲೇಪ ಇನ್ನೂ ದಪ್ಪ, 50 ಮೈಕ್ರಾನ್ ಅಥವಾ ಹೆಚ್ಚೇ ಇರುತ್ತೆ.

ಮ್ಯಾಗ್ನೆಟ್ ನಂಬಿ ಕೆಟ್ಟೆವು

ಎರಡನೇ ಸಲ ಸಾಮಾನು ತರೋಕೆ ಹೋದಾಗ ಜೇಬಲ್ಲಿ ಮ್ಯಾಗ್ನೆಟ್ ಇತ್ತು. 'ಅಂಟದಿದ್ರೆ ಸ್ಟೇನ್‌ಲೆಸ್' ಅನ್ನೋದು ಎಲ್ಲರ ನಂಬಿಕೆ. ಇದು ಅರ್ಧ ಸತ್ಯ.

ಮ್ಯಾಗ್ನೆಟ್‌ಗೆ ಹಿತ್ತಾಳೆಯೂ ಅಂಟಲ್ಲ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಅಚ್ಚಿಗೆ ಹೊಯ್ದು ಮಾಡೋ ಸತುವಿನ ಮಿಶ್ರಲೋಹದ ಹುಕ್ಕುಗಳೂ ಅಂಟಲ್ಲ. ಎರಡರ ಮೇಲೂ ಕ್ರೋಮ್ ಲೇಪ ಇದ್ರೆ ನೋಡೋಕೆ ಸ್ಟೀಲೇ. ಇನ್ನೊಂದು ಕಡೆ 430 ಗ್ರೇಡ್ ಸ್ಟೇನ್‌ಲೆಸ್ ಚೆನ್ನಾಗಿ ಅಂಟುತ್ತೆ. 304 ಕೂಡ ಬಗ್ಗಿಸಿ ಎಳೆದು ಮಾಡಿದ ಕಡೆ ಸ್ವಲ್ಪ ಅಂಟುತ್ತೆ. ಹಾಗಾಗಿ ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ. ನಾವು ಈಗ ಮೂರು ಹಂತ ಮಾಡ್ತೀವಿ:

1. ತಲೆ ಓದಿ. ಬೋಲ್ಟ್ ತಲೆಯ ಮೇಲೆ ಎ2-70 ಅಂತ ಇದ್ರೆ 304 ಜಾತಿಯದು, ಎ4-80 ಅಂತ ಇದ್ರೆ 316 ಜಾತಿಯದು. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್. 316ರಲ್ಲಿ ಜೊತೆಗೆ 2–3% ಮಾಲಿಬ್ಡಿನಂ.

2. ಅರ ಹಾಕಿ. ಒಂದು ಸ್ಯಾಂಪಲ್ ಪೀಸ್ ತಗೊಂಡು ಫಿಟ್ಟಿಂಗ್ ಲ್ಯಾಬ್‌ನಲ್ಲಿ ಮಾಡಿದ ಹಾಗೆ ಒಂದು ಮೂಲೆ ಉಜ್ಜಿ. ಒಳಗೆ ಹಳದಿ ಕಂಡ್ರೆ ಹಿತ್ತಾಳೆ. ಮೆತ್ತಗೆ, ಮಂಕು ಬೂದು ಬಣ್ಣ ಕಂಡ್ರೆ ಸತುವಿನ ಅಚ್ಚಿರಬಹುದು.

3. ಮೈಲುತುತ್ತದ ಹನಿ ಹಾಕಿ. ಅಡಿಕೆ ತೋಟದವರ ಮನೆಯಲ್ಲಿ ಸಿಗೋ ಅದೇ ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್. ನೀರಲ್ಲಿ ಕರಗಿಸಿ ಉಜ್ಜದ ಜಾಗಕ್ಕೊಂದು ಹನಿ, ಉಜ್ಜಿ ಒರೆಸಿದ ಜಾಗಕ್ಕೊಂದು ಹನಿ. ತಕ್ಷಣ ಕಪ್ಪಾದ್ರೆ ಸತು. ತಾಮ್ರದ ಕೆಂಪು ಬಂದ್ರೆ ಕಬ್ಬಿಣ. ಏನೂ ಆಗದಿದ್ರೆ, ಒಳಗೆ ಹಳದಿಯೂ ಇಲ್ಲದಿದ್ರೆ, ಸ್ಟೇನ್‌ಲೆಸ್ ಅನ್ನಬಹುದು. ಮೈಲುತುತ್ತವೂ ವಿಷ. ಕೈ ತೊಳೆಯಿರಿ, ಆ ಪೀಸ್ ಪಂಜರಕ್ಕೆ ಹಾಕಬೇಡಿ.

ಈ ಪರೀಕ್ಷೆ 202 ಮತ್ತು 304ರ ವ್ಯತ್ಯಾಸ ಹೇಳಲ್ಲ. 202ರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಅದರಲ್ಲೂ ಸತು ಇಲ್ಲ, ಆದ್ರೆ ದಿನಾ ನೀರು ಬೀಳೋ ಜಾಗದಲ್ಲಿ ಬೇಗ ತುಕ್ಕು ಹಿಡಿಯುತ್ತೆ. ಮೈಸೂರಿನ ಹವೆಗೆ 304 ಸಾಕು. ಮಂಗಳೂರು, ಕಾರವಾರದ ಕಡೆಯವರು ಹೊರಗಡೆ ಪಂಜರಕ್ಕೆ 316 ನೋಡಿ, ಉಪ್ಪುಗಾಳಿ ಇರುತ್ತೆ.

ಅರ್ಧ ಬದಲಾಯಿಸಿದ್ರೆ ಏನಾಗುತ್ತೆ?

ದುಡ್ಡು ಉಳಿಸೋಕೆ ಎಸ್.ಎಸ್. ಮೆಶ್ ತಂದು, ವಾಷರ್ ಮಾತ್ರ ಸತುವಿನ ಲೇಪದ್ದು ಹಾಕೋಣ ಅಂತ ನಮ್ಮಲ್ಲೊಬ್ಬ ಹೇಳಿದ. ಗ್ಯಾಲ್ವಾನಿಕ್ ಸೆಲ್ ನೆನಪಿಸಿಕೊಳ್ಳಿ. ಎರಡು ಲೋಹ ತಾಗಿಕೊಂಡು ಮಧ್ಯೆ ನೀರಿದ್ರೆ ಸತು ಆನೋಡ್ ಆಗುತ್ತೆ. ಆನೋಡ್ ಚಿಕ್ಕದು, ಕ್ಯಾಥೋಡ್ ದೊಡ್ಡದು ಆದಷ್ಟೂ ಆನೋಡ್ ಬೇಗ ತಿನ್ನಿಸಿಕೊಳ್ಳುತ್ತೆ. ಅಂದ್ರೆ ಆ ಪುಟ್ಟ ವಾಷರ್ ಮೇಲಿನ ಸತುವೆಲ್ಲ ಬೇಗ ಬಿಳಿ ಪುಡಿಯಾಗುತ್ತೆ, ಅದೂ ಹಕ್ಕಿ ಕೂರೋ ಕೋಲಿನ ಪಕ್ಕದಲ್ಲೇ. ವಾಷರ್‌ನಲ್ಲಿ ಉಳಿಸೋ ದುಡ್ಡು ಎಷ್ಟು ಹೇಳಿ?

ಈಗಾಗಲೇ ಜಿ.ಐ. ಮೆಶ್ ಪಂಜರ ಇರೋರು ಬ್ರಷ್‌ಗೆ ವಿನೆಗರ್ ಹಚ್ಚಿ ಬಿಳಿ ಪುಡಿ, ಎದ್ದ ಚೂರು ಎಲ್ಲಾ ಉಜ್ಜಿ ತೆಗೆದು, ಚೆನ್ನಾಗಿ ತೊಳೆದು ಒಣಗಿಸಿ. ಆಗಾಗ ಮಾಡ್ತಿರಿ. ಇದರಿಂದ ಅಪಾಯ ಕಡಿಮೆಯಾಗುತ್ತೆ, ಹೋಗಲ್ಲ.

ಆಕಾರವನ್ನೂ ನೋಡಿ. ಕೋಲಿನ ಬೋಲ್ಟ್‌ನ ನಟ್ಟು ಪಂಜರದ ಹೊರಗೆ ಬರಲಿ. ಆಟದ ಸಾಮಾನಿಗೆ ಸ್ಪ್ರಿಂಗ್ ಹುಕ್ಕು, ಕೀ ರಿಂಗ್ ಬೇಡ, ಕೊಕ್ಕು ಉಗುರು ಸಿಕ್ಕಿಹಾಕಿಕೊಳ್ಳುತ್ತೆ. ತಿರುಪು ಹಾಕಿ ಮುಚ್ಚೋ ಎಸ್.ಎಸ್. ಕೊಂಡಿ ಒಳ್ಳೇದು. ಸೀಳು ಇರೋ ಗೆಜ್ಜೆ ಬೇಡ. ಎಸ್.ಎಸ್. ನಟ್ಟು ಬೋಲ್ಟು ಜೋರಾಗಿ ತಿರುಗಿಸಿದ್ರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ, ನಿಧಾನವಾಗಿ ಕೈಯಲ್ಲೇ ಬಿಗಿಮಾಡಿ. ಇಸಿಯವರಿಗೆ ಒಂದು ಮಾತು: ಲ್ಯಾಬ್‌ನ 60/40 ಸೋಲ್ಡರ್‌ನಲ್ಲಿ 40 ಭಾಗ ಸೀಸ. ಅದರಿಂದ ಪಂಜರ ಬೆಸೆಯಲೇಬೇಡಿ, ಸೀಸ ಸತುವಿಗಿಂತ ಕೆಟ್ಟದ್ದು.

ಸಾಕೋ ಮುಂಚೆ

ನಂಜನಗೂಡು ರಸ್ತೆಯ ಶುಕವನಕ್ಕೆ ನೀವೂ ಹೋಗಿರಬಹುದು. ಒಂದೇ ಪಕ್ಷಿಧಾಮದಲ್ಲಿ 468 ಜಾತಿಯ ಹಕ್ಕಿಗಳು ಅಂತ 2017ರಲ್ಲಿ ಗಿನ್ನೆಸ್ ದಾಖಲೆ ಆಗಿದ್ದು ಅಲ್ಲೇ. ನೋಡಿ ಬಂದ ಮೇಲೆ ಮನೆಯಲ್ಲೂ ಒಂದು ಇರಲಿ ಅನ್ಸುತ್ತೆ. ಆದ್ರೆ ನಮ್ಮೂರ ಹಸಿರು ಗಿಣಿಯನ್ನು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದು ಮರದ ಮೇಲೇ ಇರಲಿ.

ಇನ್ನೊಂದು ವಿಷಯ. ಉಳಿದ ಹಕ್ಕಿಗೆ ಡಾಕ್ಟರ್ ದಿನಾ ಕೊಟ್ಟ ಇಂಜೆಕ್ಷನ್ ಕ್ಯಾಲ್ಸಿಯಂ ಇಡಿಟಿಎ. ನೀರಿನ ಗಡಸುತನ ಕಂಡುಹಿಡಿಯೋಕೆ ಬ್ಯುರೆಟ್‌ಗೆ ತುಂಬ್ತೀವಲ್ಲ, ಅದರ ಸಂಬಂಧಿಯೇ. ಲೋಹದ ಅಯಾನನ್ನು ಹಿಡಿದು ಹೊರಗೆ ಹಾಕುತ್ತೆ. ರೀಡಿಂಗ್ ಸರಿ ಬರಲಿಲ್ಲ ಅಂತ ಎಷ್ಟು ಬೈದುಕೊಂಡಿದ್ವಿ ಅದನ್ನ!

ಹೊಸ ಪಂಜರ ಈಗ ಪೂರ್ತಿ 304ರದ್ದು, ಕೋಲು ಸೀಬೆ ಮರದ್ದು. ಅಜ್ಜಿ ನಮ್ಮನ್ನ ಒಂದು ಮಾತೂ ಬೈಲಿಲ್ಲ. "ನೀವೇನ್ ಬೇಕು ಅಂತ ಮಾಡಿದ್ರಾ, ಬಿಡ್ರಪ್ಪಾ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು ಅನ್ಸುತ್ತೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಗಿಣಿ ಪಂಜರ ಇದ್ರೆ ಈ ಭಾನುವಾರ ಒಂದು ಸಲ ಹೋಗಿ ಬೋಲ್ಟ್ ನೋಡಿ. ಬಿಳಿ ಪುಡಿ ಕಂಡ್ರೆ ಅವತ್ತೇ ಬಿಚ್ಚಿ.