ಮನಿ ಇದ್ದೂ ಹೊಲದಾಗ ಯಾಕ ಮಲಗಬೇಕು?

ಪ್ರಶ್ನೆ: ಅಕ್ಕಾವ್ರೇ, ನಾನು ಧಾರವಾಡದಲ್ಲಿ ನೌಕರಿಯಲ್ಲಿದ್ದೇನೆ. ಗಂಡನ ಊರು ಸವದತ್ತಿ ತಾಲ್ಲೂಕಿನ ಹೂಲಿ. ಮಕ್ಕಳಿಬ್ಬರು, ಒಂಬತ್ತು ಮತ್ತು ಆರು ವರ್ಷದವರು. ಈ ಚಳಿಗಾಲದಲ್ಲಿ ಊರ ಕಡೆ ಟೆಂಟ್ ಹಾಕಿ ಎರಡು ರಾತ್ರಿ ಇರಬೇಕೆಂದು ಅವರ ಹಟ. ಹಿಂದಿನ ಸಲ ದಾಂಡೇಲಿ ಕಡೆಯ ಒಂದು ರೆಸಾರ್ಟಿನ ಟೆಂಟಿನಲ್ಲಿ, ತೆಳ್ಳಗಿನ ಚಾಪೆಯ ಮೇಲೆ ಎರಡು ಬ್ಲ್ಯಾಂಕೆಟ್ ಹೊದ್ದು ಮಲಗಿದಾಗ ಮಗಳು ಚಳಿಗೆ ರಾತ್ರಿಯಿಡೀ ಅತ್ತಳು, ಮನೆಗೆ ಬಂದಮೇಲೆ ಜ್ವರ. ಈ ಸಲ ಹಾಗಾಗಬಾರದೆಂದು ಮೊಬೈಲಿನಲ್ಲಿ ಹುಡುಕಿ ಸಾಮಾನಿನ ಪಟ್ಟಿ ಮಾಡಿದರೆ 28,000 ರೂಪಾಯಿ ದಾಟಿತು. ಗಂಡ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ದಂಡೆ ಅನ್ನುತ್ತಾರೆ, ಮಗ ಊರಿನ ಪಂಚಲಿಂಗೇಶ್ವರ ಗುಡಿಯ ಮುಂದೆ ಅನ್ನುತ್ತಾನೆ. ನಮ್ಮದೇ ಹೊಲವೂ ಇದೆ. ಅತ್ತೆಯವರು ಮಾತ್ರ ‘ಮನಿ ಇದ್ದೂ ಹೊಲದಾಗ ಯಾಕ ಮಲಗಬೇಕು? ಮಂದಿ ನಗತಾರ’ ಎಂದು ಮುಖ ತಿರುಗಿಸಿದ್ದಾರೆ. ಏನು ಕೊಳ್ಳಲಿ, ಇವರನ್ನೆಲ್ಲ ಹೇಗೆ ಒಪ್ಪಿಸಲಿ?

– ಹೂಲಿಯ ಸೊಸೆ, ಧಾರವಾಡ

ಉತ್ತರ: ತಂಗಿ, ನೀವು ಕಳಿಸಿದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ಮೈನಸ್ 10 ಡಿಗ್ರಿ ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗು ನಾಲ್ಕು, ಮಡಚುವ ಕುರ್ಚಿ ನಾಲ್ಕು, ನಾಲ್ವರ ಟೆಂಟ್ ಒಂದು. ಎಲ್ಲವೂ ನಾಲ್ಕರ ಲೆಕ್ಕ. ಅತ್ತೆಯವರು ಮುಖ ತಿರುಗಿಸಿದ್ದರ ಕಾರಣ ಮಂದಿಯ ನಗೆಯೊಂದೇ ಅಲ್ಲವೇನೋ ಎಂದು ನನಗೆ ಅನುಮಾನ.

ಅವರನ್ನು ಒಪ್ಪಿಸಲು ಹೋಗಬೇಡಿ. ಬದಲಿಗೆ ಒಂದು ಸಂಜೆ ಪಕ್ಕದಲ್ಲಿ ಕೂತು, ಅವರು ಸಣ್ಣವರಿದ್ದಾಗ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೇಗೆ ಹೋಗುತ್ತಿದ್ದರೆಂದು ಕೇಳಿ. ಜನವರಿಯ ಬನದ ಹುಣ್ಣಿಮೆಗೆ, ಫೆಬ್ರವರಿಯ ಭಾರತ ಹುಣ್ಣಿಮೆಗೆ ನಮ್ಮ ಕಡೆಯ ಊರುಗಳಿಂದಷ್ಟೇ ಅಲ್ಲ, ಕೊಲ್ಹಾಪುರ, ಸಾಂಗಲಿಯಿಂದಲೂ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ಟ್ರ್ಯಾಕ್ಟರು, ಟೆಂಪೋಗಳ ನಡುವೆ ಈಗಲೂ ಕಾಣುತ್ತವೆ. ದಾರಿಯಲ್ಲಿ ಎಲ್ಲಿ ಎತ್ತು ಬಿಚ್ಚಿದರೋ ಅಲ್ಲೇ ಬಿಡಾರ. ಚಕ್ಕಡಿಗೆ ತಾಡಪತ್ರಿ ಕಟ್ಟಿ ನೆರಳು, ಮೂರು ಕಲ್ಲಿಟ್ಟು ಒಲೆ, ನೆಲಕ್ಕೆ ಜಮಖಾನ, ಮೈಮೇಲೆ ಕೌದಿ. ಗುಡ್ಡದಲ್ಲಿ ಜೋಗುಳಬಾವಿಯ ನೀರು ಹೊಯ್ದುಕೊಂಡು, ಹೋಳಿಗೆ, ಕಡುಬು ಮಾಡಿ ದೇವಿಯ ನೈವೇದ್ಯದ ಪಡ್ಡಲಗಿ ತುಂಬಿಸಿ, ಮತ್ತೆ ಅದೇ ದಾರಿ. ಹಸುಗೂಸು ಕಟ್ಟಿಕೊಂಡು ಹೀಗೆ ವಾರಗಟ್ಟಲೆ ಬಯಲಲ್ಲಿ ಇದ್ದವರುಂಟು. ಕ್ಯಾಂಪಿಂಗ್ ಎಂದು ಅದನ್ನು ಯಾರೂ ಕರೆಯಲಿಲ್ಲ, ಅಷ್ಟೆ.

ಕ್ಯಾಂಪಿಂಗ್ ಎನ್ನುವ ಈ ಹವ್ಯಾಸಕ್ಕೆ ಮೊದಲ ದೊಡ್ಡ ಕೈಪಿಡಿಗಳಲ್ಲೊಂದನ್ನು 1908ರಲ್ಲಿ ಬರೆದವನು ಥಾಮಸ್ ಹೈರಮ್ ಹೋಲ್ಡಿಂಗ್, ಲಂಡನ್ನಿನ ಒಬ್ಬ ದರ್ಜಿ. ಅವನಿಗೆ ಬಯಲಿನ ರುಚಿ ಹತ್ತಿದ್ದು 1853ರಲ್ಲಿ, ಹುಡುಗನಾಗಿದ್ದಾಗ, ಅಮೆರಿಕದ ಹುಲ್ಲುಗಾವಲನ್ನು ಬಂಡಿಗಳ ಸಾಲಿನೊಂದಿಗೆ ದಾಟುವಾಗ. ದೊಡ್ಡವನಾದ ಮೇಲೆ ಹೊತ್ತು ನಡೆಯಲು ಹಗುರವಾದ ಡೇರೆ ಹೊಲಿಯುವುದರಲ್ಲಿ ತಲೆ ಕೆಡಿಸಿಕೊಂಡ. ಅವನ ಕಥೆಯೂ ಬಂಡಿಯಿಂದಲೇ ಶುರುವಾದದ್ದೆಂದು ನಿಮ್ಮ ಅತ್ತೆಯವರಿಗೆ ಹೇಳಿ, ನಗಬಹುದು.

ಇನ್ನು ಜಾಗದ ಜಗಳ. ಮಗನಿಗೆ ಬೇಸರವಾದರೂ ಗುಡಿಯ ಮುಂದೆ ಬೇಡ. ಚಾಲುಕ್ಯರ ಕಾಲದ ಆ ಗುಡಿ ರಕ್ಷಿತ ಸ್ಮಾರಕ. ಅಂಥ ಆವರಣದಲ್ಲಿ ಸೂರ್ಯ ಮುಳುಗಿದ ಮೇಲೆ ಇರುವಂತಿಲ್ಲ, ಒಲೆ ಹೂಡುವಂತಿಲ್ಲ. ಬೆಂಕಿಯ ಮಸಿ ಒಮ್ಮೆ ಕೆತ್ತನೆಗೆ ಹತ್ತಿತೆಂದರೆ ಹೋಗುವುದೂ ಇಲ್ಲ. ಬೆಳಿಗ್ಗೆ ಬಿಸಿಲು ಏರುವ ಮುನ್ನ ಅವನನ್ನು ಅಲ್ಲಿಗೆ ಕರೆದೊಯ್ಯಿರಿ. ಊರ ಸುತ್ತ ಪಾಳುಬಿದ್ದ ಗುಡಿಗಳಿಗೇನೂ ಕೊರತೆಯಿಲ್ಲ, ಅರ್ಧ ದಿನ ಅಲ್ಲೇ ಕಳೆಯುತ್ತದೆ. ಸಡಿಲ ಕಲ್ಲುಗಳ ಸಂದಿಗೆ ಕೈ ಹಾಕದಂತೆ ಹೇಳಿಡಿ.

ಹಿನ್ನೀರಿನ ದಂಡೆ ಫೋಟೋದಲ್ಲಿ ಚಂದ. ನೀರು ಇಳಿದ ಜಾಗದಲ್ಲಿ ಮೇಲೆ ಒಣಗಿದಂತೆ ಕಂಡು ಕೆಳಗೆ ಕೆಸರಿರುತ್ತದೆ, ಆರು ವರ್ಷದ ಕೂಸು ಕತ್ತಲಲ್ಲಿ ಅತ್ತ ಹೋದರೆ ಯಾರು ನೋಡಬೇಕು? ಅಣೆಕಟ್ಟಿನ ಕೆಳಗಂತೂ ಮಳೆಗಾಲದಲ್ಲಿ ಹೊಳೆಸಾಲಿನಲ್ಲಿ ಮಲಗುವ ಮಾತೇ ಬೇಡ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಪ್ರವಾಹವಾಗಿ ಮುನವಳ್ಳಿ, ರಾಮದುರ್ಗದ ಕಡೆ ಏನು ಮಾಡಿತೆಂದು ನಿಮ್ಮ ಯಜಮಾನರಿಗೆ ನಾನು ಹೇಳಬೇಕಿಲ್ಲ.

ಉಳಿದದ್ದು ನಿಮ್ಮದೇ ಹೊಲ. ಯಾರ ಅಪ್ಪಣೆಯೂ ಬೇಡ, ಕೂಗಿದರೆ ಊರು ಕೇಳಿಸಿಕೊಳ್ಳುತ್ತದೆ, ಮಗಳಿಗೆ ಮೈ ಬೆಚ್ಚಗಾದರೆ ನಡುರಾತ್ರಿಯಲ್ಲೂ ಮನೆಗೆ ಹೋಗಬಹುದು. ಸಣ್ಣ ಮಕ್ಕಳೊಂದಿಗಿನ ಮೊದಲ ಬಯಲುವಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಹೇಳಲಾರೆ. ಆದರೆ ಹೊಲದ ಎಲ್ಲೆಂದರಲ್ಲಿ ಅಲ್ಲ. ಎರೆ ನೆಲ ಒಣಗಿದಾಗ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಇಲಿ, ಇಲಿಯ ಹಿಂದೆ ಹಾವು. ಜೋಳ ಕೊಯ್ದ ಕಡೆ ನಿಂತಿರುವ ಕೂಳೆ ಟೆಂಟಿನ ತಳವನ್ನು ಹರಿದು ಹಾಕುತ್ತದೆ. ಹಿಂದೆ ಕಣ ಮಾಡುತ್ತಿದ್ದ ಗಟ್ಟಿ ಜಾಗ ಇದ್ದೇ ಇರುತ್ತದೆ. ಎಲ್ಲಿ ಅಂತ ಅತ್ತೆಯವರಿಗೆ ಗೊತ್ತು. ಕಣಿಕೆ ಬಣವೆಯಿಂದ ದೂರ ಇರಿ. ಅಲ್ಲಿ ಇಲಿಯೂ ಹೆಚ್ಚು, ಒಲೆಯ ಒಂದು ಕಿಡಿ ಹಾರಿದರೆ ವರ್ಷದ ಮೇವೂ ಹೋಗುತ್ತದೆ.

ಚಳಿಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನಿಮ್ಮ ಭಯದ ಬೇರು ಅಲ್ಲಿದೆ. ಮಗಳ ಮೈಮೇಲೆ ನೀವು ಎರಡು ಬ್ಲ್ಯಾಂಕೆಟ್ ಹೊದಿಸಿದ್ದಿರೆಂದು ಬರೆದಿದ್ದೀರಿ. ಕೆಳಗೆ ಏನಿತ್ತು? ತೆಳ್ಳಗಿನ ಒಂದು ಚಾಪೆ. ಮಲಗಿದವರ ಮೈಶಾಖವನ್ನು ಗಾಳಿಗಿಂತ ಹೆಚ್ಚು ನೆಲ ಹೀರುತ್ತದೆ, ಮೈಭಾರಕ್ಕೆ ಅಮುಕಿಹೋದ ಹಾಸಿಗೆಯಲ್ಲಿ ಗಾಳಿ ನಿಲ್ಲದ್ದರಿಂದ ಅದು ತಡೆಯುವುದೂ ಇಲ್ಲ. ಹೀಗಾಗಿ ಹೊದಿಕೆಗಿಂತ ಹಾಸಿಗೆ ದಪ್ಪವಿರಬೇಕು. ತಳಕ್ಕೆ ತಾಡಪತ್ರಿ, ಅದರ ಮೇಲೆ ಟೆಂಟ್, ಒಳಗೆ ಜಮಖಾನ, ಅದರ ಮೇಲೆ ಕಂಬಳಿ, ಆಮೇಲೆ ಕೌದಿ. ತಾಡಪತ್ರಿಯ ಅಡಿಗೆ ಒಣ ಕಣಿಕೆ ಹರವುವುದಾದರೆ ಕೊಡವಿ, ನೋಡಿ ಹರವಿ. ನಮ್ಮ ಚಳಿಗೆ, ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿಗೆ ಸಮನಾದದ್ದು ಅಂಗಡಿಯಲ್ಲಿಲ್ಲ. ಜನವರಿಯಲ್ಲಿ ನಮ್ಮ ಬಯಲುಸೀಮೆಯ ರಾತ್ರಿ ಸಾಮಾನ್ಯವಾಗಿ 13–15 ಡಿಗ್ರಿಗೆ ಇಳಿಯುತ್ತದೆ. ಹಿಮಾಲಯದ ಸ್ಲೀಪಿಂಗ್ ಬ್ಯಾಗಿನಲ್ಲಿ ಮಕ್ಕಳು ಬೆವೆತು, ಒದ್ದೆಯಾಗಿ, ಮತ್ತೆ ನಡುಗುತ್ತಾರೆ. ಇನ್ನೊಂದು: ಉಸಿರಿನ ತೇವ ಟೆಂಟಿನ ಬಟ್ಟೆಗೆ ಹತ್ತಿ ಬೆಳಗಿನ ಜಾವ ಹನಿಯುತ್ತದೆ. ಮೇಲಿನ ಗಾಳಿಕಿಂಡಿಯನ್ನು ಚಳಿ ಎಂದು ಮುಚ್ಚಬೇಡಿ. ಕೆಂಡದ ಬುಟ್ಟಿಯನ್ನು ಒಳಗಿಡುವುದಂತೂ ಪ್ರಾಣಕ್ಕೇ ಕುತ್ತು. ಅದರ ಹೊಗೆಯಿಲ್ಲದ ವಿಷ ನಿದ್ದೆಯಲ್ಲೇ ಕೊಲ್ಲುತ್ತದೆ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಟೆಂಟಿಗೆ ಹಾಕಿ. ನಾಲ್ವರದ್ದು ಎಂದು ಬರೆದಿರುವುದರಲ್ಲಿ ನಾಲ್ವರು ಮಗ್ಗುಲು ಬದಲಿಸಲೂ ಆಗದಂತೆ ಮಲಗಬೇಕಾಗುತ್ತದೆ. ಆರು ಮಂದಿಯದು ಕೊಳ್ಳಿ. ತಳ ಗೋಡೆಗೆ ಹೊಲಿದಿರಬೇಕು, ಬಾಗಿಲ ಸೊಳ್ಳೆಪರದೆಗೆ ಜಿಪ್ ಪೂರ್ತಿ ಕೂಡಬೇಕು. ಇದು ಸೊಳ್ಳೆಗಾಗಿ ಮಾತ್ರವಲ್ಲ. ನಮ್ಮ ಹಾವುಗಳಲ್ಲಿ ಕಟ್ಟುಹಾವು ರಾತ್ರಿ ತಿರುಗುವುದು. ನೆಲದಲ್ಲಿ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ಅದೇ. ಅದರ ಕಡಿತಕ್ಕೆ ಎಷ್ಟೋ ಸಲ ನೋವೂ ಇಲ್ಲ, ಬಾವೂ ಇಲ್ಲ. ಹೊತ್ತು ಹೋದಂತೆ ಹೊಟ್ಟೆನೋವು, ಮುಚ್ಚಿ ಮುಚ್ಚಿ ಬರುವ ರೆಪ್ಪೆ, ಉಸಿರಾಟದ ಕಷ್ಟ. ಅನುಮಾನ ಬಂದರೂ ಸಾಕು: ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಮಂತ್ರದವರಲ್ಲಿಗೆ ಹೋಗಬೇಡಿ, 108ಕ್ಕೆ ಕರೆಮಾಡಿ, ಕಡಿತವಾದ ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ. ಸವದತ್ತಿಯ ಸರಕಾರಿ ಆಸ್ಪತ್ರೆಯಲ್ಲಿ ಹಾವಿನ ಕಡಿತದ ಇಂಜೆಕ್ಷನ್ ಇದೆಯೇ ಎಂದು ಹೋಗುವ ಮೊದಲೇ ಫೋನಿನಲ್ಲಿ ವಿಚಾರಿಸಿಟ್ಟುಕೊಳ್ಳಿ. ಇಷ್ಟು ಹೇಳಿದ್ದು ಹೆದರಿಸಲಿಕ್ಕಲ್ಲ. ಜಿಪ್ ಹಾಕಿದ ಟೆಂಟಿನೊಳಗೆ ತಿನ್ನುವ ವಸ್ತು ಇಡದೆ ಮಲಗಿದರೆ ನಿಮ್ಮ ಭಯದ ಬಹುಪಾಲು ಹೊರಗೇ ಉಳಿಯುತ್ತದೆ. ಹೊರಗೆ ಬಿಟ್ಟ ಬೂಟಿನೊಳಗೆ ಚೇಳು ಸೇರುತ್ತದೆ. ಬೂಟನ್ನು ಟೆಂಟಿನೊಳಗೇ ಇಡಿ, ಬೆಳಿಗ್ಗೆ ಝಾಡಿಸಿ ಹಾಕಿ.

ಎರಡನೆಯ ಖರ್ಚು, ತಲೆಗೆ ಕಟ್ಟುವ ಬ್ಯಾಟರಿ, ಒಬ್ಬೊಬ್ಬರಿಗೆ ಒಂದೊಂದು. ಮಕ್ಕಳಿಗೆ ಅದೇ ಅರ್ಧ ಮಜಾ, ರಾತ್ರಿ ಹೊರಗೆ ಹೋಗಲು ಎರಡೂ ಕೈ ಖಾಲಿ ಇರುತ್ತವೆ. ಕುರ್ಚಿ, ಮಡಚುವ ಮೇಜು, ಬಣ್ಣದ ದೀಪದ ಸರ, ಇವನ್ನು ಅಳಿಸಿ. ಟೆಂಟ್ ತಂದ ಮೇಲೆ ಧಾರವಾಡದಲ್ಲೇ ಹಗಲು ಹೊತ್ತು ಒಮ್ಮೆ ನಿಲ್ಲಿಸಿ ನೋಡಿ, ಮಕ್ಕಳನ್ನು ಅಲ್ಲೇ ಒಂದು ರಾತ್ರಿ ಮಲಗಿಸಿ. ಕತ್ತಲಾದ ಮೇಲೆ ಹೊಲದಲ್ಲಿ ಕಡ್ಡಿ ಯಾವುದು, ಹಗ್ಗ ಯಾವುದು ಎಂದು ಗಂಡ ಹೆಂಡತಿ ಜಗಳಾಡುವುದು ತಪ್ಪುತ್ತದೆ.

ಊಟದ ಚಿಂತೆ ನಮ್ಮ ಭಾಗದವರಿಗೆ ಇರಬಾರದು. ಪೇಟೆಯ ಪ್ಯಾಕೆಟ್ ನೂಡಲ್ಸ್ ಯಾಕೆ? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ – ಎರಡು ದಿನವಲ್ಲ, ವಾರವಿಟ್ಟರೂ ಕೆಡುವುದಿಲ್ಲ. ಸಂಜೆ ಕೆಂಡದಲ್ಲಿ ಬದನೆಕಾಯಿ ಸುಟ್ಟು ಮಕ್ಕಳ ಕೈಯಲ್ಲೇ ಸಿಪ್ಪೆ ಬಿಡಿಸಿ. ಜೋಳ ಹಾಲುದುಂಬಿದ ಹೊತ್ತಾದರೆ ಎಳೆ ತೆನೆ ಸುಟ್ಟ ಸೀತನಿ ಬಿಡಬೇಡಿ. ನೀರು ಮಾತ್ರ ಲೆಕ್ಕವಿಟ್ಟು ಒಯ್ಯಿರಿ: ಕುಡಿಯಲು, ಅಡುಗೆಗೆ ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರ್. ತೊಳೆಯಲು ಬೇರೆ.

ಯಾವಾಗ ಹೋಗಬೇಕು? ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಆಚೆ ಈಚೆ ಬೇಡ, ಸವದತ್ತಿಯ ರಸ್ತೆಗಳು ತುಂಬಿಹೋಗಿರುತ್ತವೆ. ಎಳ್ಳ ಅಮಾವಾಸ್ಯೆಗೆ ಹೋಗಿ. ಅವತ್ತು ಹೇಗೂ ಮನೆಮಂದಿಯೆಲ್ಲ ಭೂತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಬಂದಿರುತ್ತಾರೆ. ಊಟ ಮುಗಿಸಿ ಉಳಿದವರು ಚಕ್ಕಡಿ ಹೂಡಲಿ, ನೀವು ಅಲ್ಲೇ ಇದ್ದುಬಿಡಿ. ಮಕ್ಕಳಿಗೆ ಚಂದ್ರನಿಲ್ಲದ ಆಕಾಶವೂ ಸಿಗುತ್ತದೆ. ಬಿಡಾರ ಎಲ್ಲಿ, ಒಲೆ ಯಾವ ಗಾಳಿಗೆ ಎಂಬುದನ್ನು ಅತ್ತೆಯವರಿಗೇ ಬಿಡಿ. ಅವರು ರಾತ್ರಿ ಮನೆಗೇ ಹೋಗುತ್ತೇನೆಂದರೂ ಒತ್ತಾಯ ಮಾಡಬೇಡಿ, ಆದರೆ ಅವರ ಹಾಸಿಗೆಯನ್ನು ಹಾಸಿಯೇ ಇಟ್ಟಿರಿ.

ಮಂದಿ ನಗತಾರ ಎನ್ನುವುದು ನಿಜ. ನಕ್ಕು ಮನೆಯಲ್ಲಿ ಕೂಡುವುದಿಲ್ಲ, ನೋಡಲು ಬರುತ್ತಾರೆ. ಅಕ್ಕಪಕ್ಕದ ಹೊಲದವರು, ಅವರ ಮಕ್ಕಳು, ಕಟ್ಟೆಯ ಮೇಲೆ ಕೂತಿದ್ದ ಹಿರಿಯರು. ಚಾಪುಡಿ, ಸಕ್ಕರೆಯನ್ನು ನೀವು ಅಂದುಕೊಂಡದ್ದರ ಮೂರು ಪಟ್ಟು ಒಯ್ಯಿರಿ.