ಪ್ಲಗ್ ಪಾಯಿಂಟ್ ಮೊದಲು, ಕಾರು ಆಮೇಲೆ

ದಿನಾ ಆಫೀಸಿಗೆ ಓಡಾಡಲು ಪೂರ್ತಿ ಎಲೆಕ್ಟ್ರಿಕ್ ಕಾರು ಒಳ್ಳೆಯದೋ, ಹೈಬ್ರಿಡ್ಡೋ? ಬೆಂಗಳೂರಿನಲ್ಲಿ ಕಾರು ಕೊಳ್ಳಲು ಹೊರಟವರು ಶೋರೂಮಿಗೆ ಕಾಲಿಡುವ ಮುನ್ನ ಇಷ್ಟು ಮಾಡಿ.

1. ಪಾರ್ಕಿಂಗ್ ಜಾಗದಿಂದ ಶುರುಮಾಡಿ. ರಾತ್ರಿ ಕಾರು ನಿಲ್ಲುವಲ್ಲಿ 15 ಆಂಪ್ ಪ್ಲಗ್ ಪಾಯಿಂಟ್ ಇದೆಯೇ? ಅದು ನಿಮ್ಮ ಮೀಟರಿಗೇ ಸೇರಿದ್ದೇ? ಅರ್ಥಿಂಗ್ ಸರಿಯಿದೆಯೇ? ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ನಮ್ಮ ಬೇಸ್‌ಮೆಂಟಿನಲ್ಲಿ ಒಬ್ಬರು ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ವೈರೆಳೆದು ಚಾರ್ಜಿಗೆ ಹಾಕುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಪಿನ್ನಿನ ಸುತ್ತಲ ಪ್ಲಾಸ್ಟಿಕ್ ಕರಗಿ, ಕಂದು ತಿರುಗಿ, ಸಾಕೆಟ್ಟಿಗೇ ಅಂಟಿಕೊಂಡಿತ್ತು. ಸುಮಾರು 3 ಕಿಲೋವ್ಯಾಟ್ ಲೋಡು ಗಂಟೆಗಟ್ಟಲೆ ಎಳೆಯುವ ಕೆಲಸವದು. ಪ್ರತ್ಯೇಕ ಲೈನು, ಪ್ರತ್ಯೇಕ ಎಂಸಿಬಿ ಬೇಕೇ ಬೇಕು.

2. ಒಂದು ವಾರ ಕಿಲೋಮೀಟರ್ ಬರೆದಿಡಿ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬಂದರೂ 80 ಕಿ.ಮೀ. ಆಸುಪಾಸು. 2001ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಪುಟ್ಟ ರೇವಾ ಕಾರೇ ಒಂದು ಚಾರ್ಜಿಗೆ ಹೆಚ್ಚುಕಡಿಮೆ ಅಷ್ಟು ಓಡುತ್ತಿತ್ತು! ಈಗಿನ 30 ಯೂನಿಟ್ ಬ್ಯಾಟರಿಯ ಕಾರು ಊರೊಳಗೆ 200 ಕಿ.ಮೀ. ಹತ್ತಿರ ಓಡುತ್ತದೆ. 80 ಕಿ.ಮೀ. ಓಡಿಸಿ ಬಂದು ರಾತ್ರಿ 11ಕ್ಕೆ ಪ್ಲಗ್ ಸಿಕ್ಕಿಸಿದರೆ, ಬೆಳಗಿನ ಕಾಫಿ ಹೊತ್ತಿಗೆ ಖರ್ಚಾದದ್ದೆಲ್ಲ ತುಂಬಿರುತ್ತದೆ.

3. ಹೈಬ್ರಿಡ್ ಅಂದ ಕೂಡಲೇ 'ಯಾವ ಹೈಬ್ರಿಡ್?' ಎಂದು ಕೇಳಿ. ಮೈಲ್ಡ್ ಹೈಬ್ರಿಡ್ ಅಂದರೆ ಪೆಟ್ರೋಲ್ ಕಾರೇ. ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾಗಳಲ್ಲಿ ಬರುವ ಸ್ಟ್ರಾಂಗ್ ಹೈಬ್ರಿಡ್ ಪೆಟ್ರೋಲ್ ಉಳಿಸುತ್ತದೆ, ಆದರೆ ಅದನ್ನು ಹೊರಗಿನಿಂದ ಚಾರ್ಜ್ ಮಾಡಲಾಗದು. ಪ್ಲಗ್-ಇನ್ ಹೈಬ್ರಿಡ್ ಮಾತ್ರ ಎರಡನ್ನೂ ಕುಡಿಯುತ್ತದೆ: ಮೊದಲ 40–80 ಕಿ.ಮೀ. ಕರೆಂಟಿನಲ್ಲಿ, ಆಮೇಲೆ ಪೆಟ್ರೋಲಿನಲ್ಲಿ. ನಮ್ಮಲ್ಲಿ ಅವು ಅಪರೂಪ, ಬೆಲೆಯೂ ಜಾಸ್ತಿ.

4. ದಿನಾ ಚಾರ್ಜ್ ಮಾಡುವ ಶಿಸ್ತಿಲ್ಲದಿದ್ದರೆ ಪ್ಲಗ್-ಇನ್ ಬೇಡವೇ ಬೇಡ. ಯುರೋಪಿನಲ್ಲಿ ಓಡುತ್ತಿರುವ ಇಂಥ ಕಾರುಗಳ ಲೆಕ್ಕ ತೆಗೆದ ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿದ್ದು: ರಸ್ತೆಯ ಮೇಲೆ ಅವು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ 3.5 ಪಟ್ಟು. ಜನ ಸಾಕಷ್ಟು ಚಾರ್ಜ್ ಮಾಡದೆ ಪೆಟ್ರೋಲಿನಲ್ಲೇ ಓಡಿಸಿದ್ದು ಮುಖ್ಯ ಕಾರಣ. ಹಾಗೆ ಓಡಿಸಿದರೆ ಬ್ಯಾಟರಿ ಬರೀ ಹೊರೆ. ಇನ್ನು ದಿನಾ ಚಾರ್ಜ್ ಮಾಡಲು ಮನೆಯಲ್ಲೇ ಅನುಕೂಲವಿದ್ದರೆ, ಎಂಜಿನ್ನನ್ನೂ ಹೊತ್ತು ತಿರುಗುವುದೇಕೆ?

5. ಹಣದ ಲೆಕ್ಕ ನೀವೇ ಹಾಕಿ. ದಿನಕ್ಕೆ 40 ಕಿ.ಮೀ. ಅಂದುಕೊಳ್ಳಿ. ಎಲೆಕ್ಟ್ರಿಕ್ಕಿಗೆ ಸುಮಾರು 6 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 42 ರೂಪಾಯಿ. ಲೀಟರಿಗೆ 20 ಕಿ.ಮೀ. ಕೊಡುವ ಸ್ಟ್ರಾಂಗ್ ಹೈಬ್ರಿಡ್‌ಗೆ 2 ಲೀಟರ್, ಅಂದರೆ ಸುಮಾರು 200 ರೂಪಾಯಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿಯೂ ಕೇವಲ ಶೇಕಡಾ 5.

6. ಬ್ರೋಷರಿನ ರೇಂಜ್ ನಂಬಿ ಹೆದ್ದಾರಿಗೆ ಇಳಿಯಬೇಡಿ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಎಲೆಕ್ಟ್ರಿಕ್ ಕಾರು ಮಿತವಾಗಿ ತಿನ್ನುತ್ತದೆ; ಬ್ರೇಕ್ ಒತ್ತಿದಾಗ ಒಂದಿಷ್ಟು ಕರೆಂಟು ವಾಪಸ್ಸೂ ಬರುತ್ತದೆ. ಮೈಸೂರು ಹೆದ್ದಾರಿಯಲ್ಲಿ 100ರ ವೇಗ ಹಿಡಿದರೆ ಲೆಕ್ಕ ಬೇರೆಯೇ. ಪ್ರತಿ ಶನಿವಾರ ಶಿರಸಿಗೋ ಬೀದರಿಗೋ ಹೊರಡುವವರಾದರೆ ಸ್ಟ್ರಾಂಗ್ ಹೈಬ್ರಿಡ್ ನೋಡಿ. ವರ್ಷಕ್ಕೆರಡು ಸಲ ಊರ ಜಾತ್ರೆಗೆ ಹೋಗುವವರಿಗೆ ಬಾಡಿಗೆ ಕಾರು ಸಾಕು.

7. ಬ್ಯಾಟರಿ ವಾರಂಟಿ ಓದಿ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಸಾಮಾನ್ಯ. ಕಾರು ಮಾರಿದರೆ ಮುಂದಿನವರಿಗೂ ಅದು ಸಲ್ಲುತ್ತದೆಯೇ, ಬರಹದಲ್ಲಿ ಕೇಳಿ.

8. ಅಪಾರ್ಟ್‌ಮೆಂಟ್ ಅಸೋಸಿಯೇಷನ್ 'ಆಗಲ್ಲ' ಅಂದರೆ ಸುಮ್ಮನಾಗಬೇಡಿ. ಇರುವ ಸಂಪರ್ಕದಿಂದಲೇ ಮನೆಯಲ್ಲಿ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿದೆ. ಅದರ ಪ್ರತಿ ಹಿಡಿದು ಮುಂದಿನ ಮೀಟಿಂಗಿಗೆ ಹೋಗಿ. ಒಬ್ಬರೇ ಹೋಗಬೇಡಿ, ನಾಲ್ಕು ಮನೆಯವರನ್ನು ಜೊತೆಗೆ ಕರೆದೊಯ್ಯಿರಿ. ಲೈನು ಎಳೆದ ಮೇಲೆ ಕಾರು ಬುಕ್ ಮಾಡಿ.