ಬಣ್ಣ ತಂದ ಮಕ್ಕಳಿಗೆ ಕಿವಿಮಾತು

ಬೈರಕೂರು ಸೀಮೆಯಲ್ಲಿ ಚಿತ್ರ ಬರೆಯುತ್ತಿರುವ ಮಕ್ಕಳೇ,

ನಿಮ್ಮಲ್ಲಿ ಯಾರಾದರೂ ಒಬ್ಬರು ಬೆಂಗಳೂರಿಗೆ ಹೋಗಿ ಬಂದರೆ ಸಾಕು, ಉಳಿದವರೆಲ್ಲ ಸುತ್ತ ಕೂತು ತಂದ ಸಾಮಾನನ್ನು ಬಿಚ್ಚಿ ನೋಡುತ್ತೀರಿ. ಮುಳಬಾಗಿಲಿಗೆ ಬಸ್ಸು ಹಿಡಿದು, ಕೋಲಾರ ದಾಟಿ, ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತಂದ ಬಣ್ಣದ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬಳು ಬ್ರಷ್ಷಿನ ತುದಿಯನ್ನು ಅಂಗೈ ಮೇಲೆ ಆಡಿಸುತ್ತಾಳೆ, ಒಬ್ಬ ಟ್ಯೂಬಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಬೆಲೆ ಕೇಳಿ ಹುಬ್ಬೇರಿಸುತ್ತಾನೆ. ಈ ಸಂತೋಷ ನನಗೆ ಚೆನ್ನಾಗಿ ಗೊತ್ತು. ಇದು ನಿಮ್ಮಲ್ಲಿ ಉಳಿಯಲಿ. ಚಿತ್ರಗಾರರು ತಂದ ಸಾಮಾನನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದು ಹಳೆಯ ರೂಢಿ, ಒಳ್ಳೆಯ ರೂಢಿ.

ಆದರೆ ಒಂದು ಮಾತು ಹೇಳುತ್ತೇನೆ, ಮನಸ್ಸಿಟ್ಟು ಕೇಳಿ. ಬೆಲೆಯನ್ನೂ ಕಂಪನಿಯ ಹೆಸರನ್ನೂ ಡಬ್ಬಿ ನೋಡಿ ಯಾರು ಬೇಕಾದರೂ ಹೇಳಬಹುದು. ಆ ಬಣ್ಣ ನೀರಿಗೆ ಬಿದ್ದಾಗ ಹೇಗೆ ಹರಡಿತು, ಒಣಗಿದ ಮೇಲೆ ಎಷ್ಟು ಪೇಲವವಾಯಿತು, ಆ ಕಾಗದ ಎಷ್ಟು ನೀರು ತಡೆಯಿತು ಅನ್ನುವುದನ್ನು ಬಳಸಿದವರು ಮಾತ್ರ ಹೇಳಬಲ್ಲರು. ಗೆಳೆಯರಿಗೆ ಉಪಯೋಗಕ್ಕೆ ಬರುವುದು ಆ ಎರಡನೆಯ ಸುದ್ದಿ. ಆದ್ದರಿಂದ ತಂದ ದಿನ ತೋರಿಸಿ, ಬೇಡ ಅನ್ನುವುದಿಲ್ಲ. ಬಳಸಿದ ಮೇಲೆ ಇನ್ನೊಂದು ಸಲ ತಪ್ಪದೆ ತೋರಿಸಿ.

ಚಿತ್ರಗಾರ ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿದ್ದಾಗ ತಮ್ಮ ಥಿಯೋಗೆ ಬರೆದ ಕಾಗದಗಳಲ್ಲಿ ಬಣ್ಣದ ಪಟ್ಟಿಗಳಿವೆ. ಯಾವ ಬಣ್ಣ, ಎಷ್ಟು ಟ್ಯೂಬು, ದೊಡ್ಡದೋ ಚಿಕ್ಕದೋ ಎಂದು ಲೆಕ್ಕ ಹಾಕಿ ಕೇಳುತ್ತಿದ್ದ. ದುಡ್ಡು ಕೊಡುತ್ತಿದ್ದವನು ತಮ್ಮ. ಅದೇ ಕಾಗದಗಳಲ್ಲಿ, ಯಾವ ಹಳದಿಯನ್ನು ಯಾವ ನೀಲಿಯ ಪಕ್ಕ ಇಟ್ಟೆ, ಯಾವ ಚಿತ್ರ ಈಗ ಹಲಗೆಯ ಮೇಲಿದೆ ಅನ್ನುವ ವಿವರವೂ ಇದೆ. ಬೇಡಿಕೆಯ ಹಿಂದೆಯೇ ಕೆಲಸದ ಲೆಕ್ಕ ಒಪ್ಪಿಸುತ್ತಿದ್ದ. ಸಾಮಾನಿನ ಮಾತು ಆಡುವ ರೀತಿ ಅಂದರೆ ಅದು.

ಈಗ ಕೊಳ್ಳುವ ವಿಷಯ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಕಾಗದಕ್ಕೆ ಹಾಕಿ, ಆಮೇಲೆ ಬ್ರಷ್ಷಿಗೆ, ಕೊನೆಗೆ ಬಣ್ಣಕ್ಕೆ. ನೀವು ಮಾಡುತ್ತಿರುವುದು ಇದರ ತಿರುಗುಮುರುಗು. ಇಪ್ಪತ್ತನಾಲ್ಕು ಬಣ್ಣದ ಡಬ್ಬಿ ತಂದು, ಅದನ್ನು ತೆಳುವಾದ ಡ್ರಾಯಿಂಗ್ ಶೀಟಿನ ಮೇಲೆ ಬಳಿಯುತ್ತೀರಿ. ಶೀಟು ನೀರು ಕುಡಿದು ಉಬ್ಬುತ್ತದೆ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ, ಎರಡನೇ ಸಲ ಬ್ರಷ್ಷು ಆಡಿಸಿದರೆ ಮೇಲಿನ ಪದರ ಸಣ್ಣ ಸಣ್ಣ ಉಂಡೆಯಾಗಿ ಕಿತ್ತು ಬರುತ್ತದೆ. ಆಗ ಕೈ ಸರಿಯಿಲ್ಲ ಅಂತ ಅಳುತ್ತೀರಿ. ಕೈಯದು ಏನೂ ತಪ್ಪಿಲ್ಲ ಕಣ್ರಪ್ಪಾ, ಕಾಗದ ತಡೆಯಲಿಲ್ಲ, ಅಷ್ಟೇ. ಜಲವರ್ಣಕ್ಕೆ 300 ಜಿಎಸ್ಎಂ ದಪ್ಪದ, ಹತ್ತಿಯಿಂದ ಮಾಡಿದ ಕಾಗದ ಒಂದೇ ಒಂದು ಹಾಳೆ ಬಳಸಿ ನೋಡಿ. ಅದೇ ಬಣ್ಣ, ಅದೇ ಕೈ ಬೇರೆಯೇ ಚಿತ್ರ ಕೊಡುತ್ತದೆ.

ಅಂಥ ಕಾಗದ ದುಬಾರಿ, ನಿಜ. ಅದಕ್ಕೇ ಕೂಡಿ ಕೊಳ್ಳಿ. ಇಂಪೀರಿಯಲ್ ಶೀಟು ಅಂದರೆ 22 ಇಂಚಿಗೆ 30 ಇಂಚು. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಮಡಿಕೆ ಹಾಕಿ ಹರಿದರೆ 11ಕ್ಕೆ 15 ಇಂಚಿನ ನಾಲ್ಕು ಹಾಳೆ ಸಿಗುತ್ತವೆ. ನಾಲ್ಕು ಜನ ಸೇರಿ ಒಂದು ಶೀಟು ತಂದರೆ ಒಬ್ಬೊಬ್ಬರಿಗೂ ಒಂದು ಚಿತ್ರದ ಜಾಗ. ಹಿಂಬದಿ ಅಭ್ಯಾಸಕ್ಕಾಗುತ್ತದೆ. ದಿನದ ರೇಖಾಭ್ಯಾಸಕ್ಕೆ, ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಯ ತಯಾರಿಗೆ ಸಾಮಾನ್ಯ ಶೀಟು, ಎಚ್‌ಬಿ, 2ಬಿ, 4ಬಿ ಪೆನ್ಸಿಲ್ಲು ಧಾರಾಳ ಸಾಕು.

ಬ್ರಷ್ಷು ಒಂದೇ ಇದ್ದರೂ ತುದಿ ಕೂಡುವಂಥದ್ದು ಇರಲಿ. ಎಂಟನೇ ನಂಬರಿನ ಒಳ್ಳೆಯ ರೌಂಡ್ ಬ್ರಷ್ಷು ಆಕಾಶವನ್ನೂ ತುಂಬುತ್ತದೆ, ಹುಲ್ಲಿನ ಎಸಳನ್ನೂ ಎಳೆಯುತ್ತದೆ. ಅದನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಹೋಗಬೇಡಿ. ಕೂದಲು ಬಾಗುತ್ತದೆ, ಕೂದಲು ಹಿಡಿದಿರುವ ತಗಡಿನ ಒಳಗೆ ನೀರಿಳಿದು ಅಂಟು ಬಿಡುತ್ತದೆ. ಅಕ್ರಿಲಿಕ್ ಬಳಸಿದ್ದರೆ ಆ ಕ್ಷಣವೇ ತೊಳೆಯಿರಿ. ಒಮ್ಮೆ ಒಣಗಿದರೆ ಅದು ನೀರಿಗೆ ಕರಗುವುದಿಲ್ಲ. ಜಲವರ್ಣ ಹಾಗಲ್ಲ. ಟ್ಯೂಬಿನಲ್ಲಿ ಒಣಗಿ ಗಟ್ಟಿಯಾದರೂ ಎಸೆಯಬೇಡಿ. ಟ್ಯೂಬನ್ನು ಸೀಳಿ, ಬಣ್ಣದ ತುಂಡನ್ನು ಬಾಟಲಿ ಮುಚ್ಚಳದಲ್ಲಿಟ್ಟು, ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಮತ್ತೆ ಕರಗಿ ಬರುತ್ತದೆ.

ಬಣ್ಣಕ್ಕೆ ಬಂದರೆ, ಎರಡು ಹಳದಿ, ಎರಡು ಕೆಂಪು, ಎರಡು ನೀಲಿ, ಜೊತೆಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಒಂದು ಇದ್ದರೆ ನಮ್ಮ ಸೀಮೆಯನ್ನೆಲ್ಲ ಬರೆಯಬಹುದು. ಬಂಗಾಳದ ಜಾಮಿನಿ ರಾಯ್ ಏಳೇ ಬಣ್ಣಗಳ ಮಿತಿ ಹಾಕಿಕೊಂಡು ದೊಡ್ಡ ಕಲಾವಿದರಾದರು. ಮಿತಿ ಇದ್ದರೆ ಬೆರೆಸುವುದನ್ನು ಕಲಿಯುತ್ತೀರಿ. ಆವಣಿ ಬೆಟ್ಟದ ಬಂಡೆಯನ್ನೇ ತೆಗೆದುಕೊಳ್ಳಿ. ಕಪ್ಪಿಗೆ ಬಿಳಿ ಬೆರೆಸಿ ಬಳಿದರೆ ಅದು ಸಿಮೆಂಟಿನ ಗೋಡೆಯಂತೆ ಕಾಣುತ್ತದೆ. ಬದಲಿಗೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ. ಎರಡೂ ಒಂದನ್ನೊಂದು ತಣಿಸಿ ಬೂದು ಬಣ್ಣವಾಗುತ್ತದೆ. ನೀಲಿ ಒಂದು ಹನಿ ಹೆಚ್ಚಾದರೆ ಬೆಳಗಿನ ನೆರಳಿನ ಬಂಡೆ, ಸಿಯೆನ್ನಾ ಹೆಚ್ಚಾದರೆ ಸಂಜೆ ಬಿಸಿಲಿಗೆ ಕಾದ ಬಂಡೆ. ಆ ನೀಲಿಯ ಕಣಗಳು ದಪ್ಪ ಕಾಗದದ ಸಣ್ಣ ಗುಳಿಗಳಿಗೆ ಇಳಿದು ಕೂರುವುದರಿಂದ, ಒಣಗಿದ ಮೇಲೆ ಕಲ್ಲಿನ ಒರಟು ತಾನಾಗಿ ಮೂಡುತ್ತದೆ. ಹುಣಸೆ ಎಲೆಗೂ ಹಸಿರು ಟ್ಯೂಬು ಬೇಡ. ನಿಂಬೆ ಹಳದಿ, ಪ್ರಷ್ಯನ್ ನೀಲಿ, ಕಡ್ಡಿ ತುದಿಯಷ್ಟು ಕೆಂಪು. ಇಂಥದ್ದು ಕಂಡುಕೊಂಡಾಗ ಗೆಳೆಯರನ್ನು ಕರೆದು ತೋರಿಸಿ. ಇದಕ್ಕಿಂತ ಬೆಲೆಬಾಳುವ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ. ಒಳ್ಳೆಯ ಕಂಪನಿಗಳು ಬಣ್ಣದ ಪುಡಿಯ ಗುರುತನ್ನು ಮುದ್ರಿಸಿರುತ್ತವೆ. ಅಲ್ಟ್ರಾಮರೀನ್ ಆದರೆ ಪಿಬಿ 29. ಹೆಸರು ಯಾವುದೇ ಇರಲಿ, ಗುರುತು ಒಂದೇ ಆದರೆ ಒಳಗಿನ ಬಣ್ಣದ ಪುಡಿಯೂ ಅದೇ. ಇದು ಗೊತ್ತಿದ್ದರೆ ಒಂದೇ ನೀಲಿಯನ್ನು ಎರಡು ಹೆಸರಿನಲ್ಲಿ ಎರಡು ಸಲ ಕೊಳ್ಳುವುದು ತಪ್ಪುತ್ತದೆ. ಬಿಸಿಲಿಗೆ ಎಷ್ಟು ತಡೆಯುತ್ತದೆ ಅನ್ನುವ ಗುರುತೂ ಅಲ್ಲೇ ಇರುತ್ತದೆ. ಅದನ್ನು ನಂಬಿ ಕೂರದೆ ನೀವೇ ಪರೀಕ್ಷೆ ಮಾಡಿ. ಒಂದು ಕಾಗದದ ಮೇಲೆ ನಿಮ್ಮ ಬಣ್ಣಗಳನ್ನೆಲ್ಲ ಪಟ್ಟಿ ಪಟ್ಟಿಯಾಗಿ ಬಳಿದು, ಪಕ್ಕದಲ್ಲಿ ಹೆಸರು, ತಾರೀಖು ಬರೆಯಿರಿ. ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಬೇಸಿಗೆ ಕಳೆದ ಮೇಲೆ ರಟ್ಟು ತೆಗೆದು ನೋಡಿ. ಕೆಲವು ಗುಲಾಬಿ, ಕೆಲವು ನೇರಳೆ ಅರ್ಧಕ್ಕರ್ಧ ಹಾರಿಹೋಗಿರುತ್ತವೆ.

ಇದು ಸಣ್ಣ ವಿಷಯವಲ್ಲ. ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರದ ಗೋಡೆ ಇಂದು ನಮಗೆ ನೀಲಿಯಾಗಿ ಕಾಣುತ್ತದೆ. ಅವನು ಬಳಿದದ್ದು ನೇರಳೆ. ಅದರಲ್ಲಿದ್ದ ಕೆಂಪು ಬೆಳಕಿಗೆ ಮಾಸಿ, ನೀಲಿ ಮಾತ್ರ ಉಳಿಯಿತು. ನಿಮ್ಮ ಚಿತ್ರವನ್ನು ಯಾರಾದರೂ ದುಡ್ಡು ಕೊಟ್ಟು ಗೋಡೆಗೆ ಹಾಕಿಕೊಂಡರೆ, ಅದು ಬಾಳಿಕೆ ಬರುವಂತೆ ಮಾಡಿಕೊಡುವುದು ನಿಮ್ಮ ಧರ್ಮ. ಯಾವ ಬಣ್ಣ ಮಾಸಿತು, ಯಾವುದು ನಿಂತಿತು ಅನ್ನುವ ಪಟ್ಟಿಯನ್ನು ಒಬ್ಬರು ಮಾಡಿದರೆ ಹತ್ತು ಜನಕ್ಕೆ ದುಡ್ಡು ಉಳಿಯುತ್ತದೆ.

ಎಲ್ಲವನ್ನೂ ಕೊಳ್ಳಲೇಬೇಕು ಅಂತಲೂ ಇಲ್ಲ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ರೇಖೆ ಹಾಕುವುದಕ್ಕೆ ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಹುಣಸೆಗೆ ನಮ್ಮ ಮುಳಬಾಗಿಲು ತಾಲ್ಲೂಕಿನಲ್ಲಿ ಬರವೇ? ಪೆನ್ಸಿಲ್ ದಪ್ಪದ ನೆಟ್ಟನೆಯ ಕಡ್ಡಿಗಳನ್ನು ಆರಿಸಿ, ಸಿಪ್ಪೆ ಸುಲಿದು, ಒಣಗಿಸಿ, ಒಂದು ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ಸಣ್ಣ ತೂತು ಮಾಡಿ, ಅಂಚಿಗೆ ಹಸಿ ಮಣ್ಣು ಮೆತ್ತಿ, ಮನೆಯ ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು ಕೆಂಡದಲ್ಲಿ ಹೂಳಿ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ಹೊರಗೆ ತೆಗೆಯಿರಿ. ಡಬ್ಬಿ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ. ಗಾಳಿ ಹೊಕ್ಕರೆ ಕಡ್ಡಿ ಉರಿದು ಬೂದಿಯಾಗುತ್ತದೆ. ಸರಿಯಾಗಿ ಬೆಂದ ಕಡ್ಡಿ ಕಾಗದದ ಮೇಲೆ ಮೆತ್ತಗೆ ಓಡಿ ಒಳ್ಳೆಯ ಕಪ್ಪು ಬಿಡುತ್ತದೆ. ಮಣ್ಣಂತೂ ನಮ್ಮದು ಕೆಂಪು. ಜರಡಿ ಹಿಡಿದು, ನೀರಲ್ಲಿ ಕದಡಿ, ಮೇಲಿನ ನಯವಾದ ಕೆಮ್ಮಣ್ಣನ್ನು ಬಸಿದು ಒಣಗಿಸಿ, ಗೋಂದಿನ ನೀರು ಬೆರೆಸಿ ಅರೆದರೆ ಬಿಸಿಲಿಗೆ ಜಗ್ಗದ ಬಣ್ಣ ಸಿಗುತ್ತದೆ.

ಇನ್ನು ಹೇಳಬೇಕಾದ ಮುಖ್ಯವಾದ ಮಾತು. ನೀವು ಡಬ್ಬಿ ಬಿಚ್ಚುವಾಗ ಸುತ್ತ ಕೂತವರ ಮುಖ ನೋಡಿ. ಕೊಳ್ಳಲಾಗದ ಒಬ್ಬ ಹುಡುಗ, ಒಬ್ಬಳು ಹುಡುಗಿ ಅಲ್ಲಿ ಇದ್ದೇ ಇರುತ್ತಾರೆ. ನಮ್ಮ ಮನೆಗಳ ದುಡ್ಡು ಬರುವುದು ಟೊಮೆಟೊ, ಹಾಲು, ರೇಷ್ಮೆಯಿಂದ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಕಂಡಿದ್ದೇವೆ. ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದೇವೆ. ಒಂದೇ ಮನೆಯಲ್ಲಿ ಒಂದು ವರ್ಷ ಬಣ್ಣಕ್ಕೆ ದುಡ್ಡಿರುತ್ತದೆ, ಮರುವರ್ಷ ಪುಸ್ತಕಕ್ಕೂ ಇರುವುದಿಲ್ಲ. ಗೆಳೆಯ ತಂದ ಅಂತ ಅಪ್ಪನನ್ನು ಪೀಡಿಸಬೇಡಿ. ನಿಮ್ಮ ಡಬ್ಬಿ ನೋಡಿ ಇನ್ನೊಬ್ಬರು ತಮ್ಮ ಹಳೇ ಪೆನ್ಸಿಲ್ಲನ್ನು ಬೆನ್ನ ಹಿಂದೆ ಬಚ್ಚಿಡುವ ಹಾಗೆಯೂ ಮಾಡಬೇಡಿ. ಟ್ಯೂಬಿನಿಂದ ಒಂದಿಷ್ಟು ಹಿಂಡಿ ಅವರ ಮುಚ್ಚಳಕ್ಕೂ ಹಾಕಿ. ಕಾಗದದ ಒಂದು ತುಂಡು ಕೊಡಿ. ಕೂತು ಒಟ್ಟಿಗೆ ಬರೆಯಿರಿ. ಬಣ್ಣ ಹಂಚಿಕೊಂಡು ಬರೆದವರ ನಡುವೆ ಹುಟ್ಟುವ ಸ್ನೇಹ ಗಟ್ಟಿ.

ಕಲಿಯುವ ಆಸೆ ಇದ್ದರೆ ಅಂಗಡಿಗೆ ಹೋಗುವಷ್ಟೇ ಉತ್ಸಾಹದಿಂದ ಚಿತ್ರ ನೋಡಲು ಹೋಗಿ. ಪ್ರತಿ ವರ್ಷ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಚಿತ್ರಸಂತೆ ನಡೆಸುತ್ತದೆ. ಅಲ್ಲಿ ಚಿತ್ರ ಬರೆದವರೇ ಚಿತ್ರದ ಪಕ್ಕ ನಿಂತಿರುತ್ತಾರೆ. ಯಾವ ಕಾಗದ ಅಣ್ಣಾ, ಈ ಹಸಿರು ಹೇಗೆ ಬಂತು ಅಕ್ಕಾ ಅಂತ ಸಂಕೋಚವಿಲ್ಲದೆ ಕೇಳಿ. ಬಹಳ ಜನ ಪ್ರೀತಿಯಿಂದ ಹೇಳುತ್ತಾರೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಆಸ್ಥಾನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು ಅವರು. ಮಂಜು, ಬೆಟ್ಟ, ಮರಗಳ ನಡುವಿನ ಬೆಳಕು ಇಷ್ಟನ್ನೇ ಹಿಡಿಯಲು ಎಷ್ಟು ತಾಳ್ಮೆ ಬೇಕು ಅನ್ನುವುದು ಆ ಚಿತ್ರಗಳ ಮುಂದೆ ನಿಂತಾಗ ತಿಳಿಯುತ್ತದೆ. ಆ ತಾಳ್ಮೆ ಯಾವ ಡಬ್ಬಿಯಲ್ಲೂ ಮಾರಾಟಕ್ಕಿಲ್ಲ.

ನನ್ನ ಕೋರಿಕೆ ಇಷ್ಟೇ ಮಕ್ಕಳೇ. ಇರುವ ಟ್ಯೂಬು ಮುಗಿಯುವ ತನಕ ಅದೇ ಬಣ್ಣದ ಇನ್ನೊಂದನ್ನು ತರಬೇಡಿ. ತಂದದ್ದನ್ನು ಆ ವಾರವೇ ಕಾಗದಕ್ಕೆ ಇಳಿಸಿ. ಮುಂದಿನ ಸಲ ಸೇರಿದಾಗ ಹೊಸ ಡಬ್ಬಿಯ ಜೊತೆ ಅರ್ಧ ಖಾಲಿಯಾದ ಹಳೆಯ ಡಬ್ಬಿಯನ್ನೂ, ಅದರಿಂದ ಬರೆದ ಚಿತ್ರವನ್ನೂ, ಕೆಟ್ಟ ಚಿತ್ರವಾದರೂ ಸರಿ, ತಂದು ತೋರಿಸಿ. ನಿಮ್ಮ ಊರಿನ ಕೆರೆ, ಬಂಡೆ, ಹುಣಸೆ ತೋಪನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅವನ್ನು ನೀವೇ ಬರೆಯಬೇಕು. ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಿ.